ಬಾಳೆಯ ಸುರುಳಿ ಬೇರೆ, ಅಡಿಕೆಯ ಸುರುಳಿ ಬೇರೆ

ಕಳೆದ ಸ್ವಾತಿ ಮಳೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಸಂಘದ ಕಚೇರಿಗೆ ಇಬ್ಬರು ಸದಸ್ಯರು ಒಬ್ಬರ ಹಿಂದೊಬ್ಬರು ಬಂದರು. ಮೊದಲನೆಯವರ ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಬಾಳೆ ಎಲೆಯ ತುಂಡು. ಅದರ ಅಂಚು ಬೀಡಿ ಸುತ್ತಿದ ಹಾಗೆ ಸುರುಳಿಯಾಗಿತ್ತು. ಬಿಡಿಸಿ ನೋಡಿದರೆ ಒಳಗೆ ಹಿಟ್ಟಿನಲ್ಲಿ ಹೊರಳಿಸಿ ತೆಗೆದಂಥ ಬಿಳಿ ಹುಳು. ಇದು ನಮಗೆ ಹೊಸದಲ್ಲ. ಈಗ ಹತ್ತಾರು ವರ್ಷಗಳಿಂದ ನಮ್ಮ ಬಾಳೆ ತೋಟಗಳಲ್ಲಿ ಎಲ್ಲರೂ ಕಾಣುತ್ತಿರುವುದೇ. ಎರಡನೆಯವರು ಒಂದು ಪ್ಲಾಸ್ಟಿಕ್ ಡಬ್ಬಿ ತಂದಿದ್ದರು. ಅದರಲ್ಲಿ ಅಡಿಕೆ ಸಸಿಯ ಒಂದು ಗರಿ, ಅದರ ಮೇಲೆ ಹತ್ತಿಯ ನೂಲು ಸುತ್ತಿಕೊಂಡ ಹಾಗೆ ಕಾಣುವ ಇನ್ನೊಂದು ಬಿಳಿ ಹುಳು.

“ಕಾರ್ಯದರ್ಶಿಗಳೇ, ಬಾಳೆದು ಅಡಿಕೆಗೂ ಹತ್ತಿತಲ್ಲ! ಇನ್ನೇನು ಗತಿ ನಮ್ದು?” ಎಂದರು ಎರಡನೆಯವರು.

ಅವರ ಗಾಬರಿಗೆ ಕಾರಣವಿತ್ತು. ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳನ್ನು ಹಿಡಿದ ಮೇಲೆ ಅಡಿಕೆಯ ಸೋಗೆ ನೋಡದೆ ದಿನ ಕಳೆಯುವ ಬೆಳೆಗಾರನಿಲ್ಲ. ಸೋಗೆಯ ಮೇಲೆ ಏನು ಕಂಡರೂ ಎದೆ ಝಲ್ಲೆನ್ನುತ್ತದೆ. ಆದರೆ ಅವರ ಗಾಬರಿ ನಮಗೂ ತಗಲಿತು. ಎರಡೂ ಬಿಳಿ, ಎರಡೂ ಎಲೆ ಸುತ್ತುವಂಥವು, ಆದ್ದರಿಂದ ಎರಡೂ ಒಂದೇ ಎಂದು ನಾವು ತಲೆಯಾಡಿಸಿದೆವು. ಸಂಘದ ದಾಸ್ತಾನಿನಿಂದ ಕೀಟನಾಶಕದ ಒಂದು ಡಬ್ಬಿಗೆ ಬಿಲ್ಲೂ ಬರೆಸಿದೆವು. ಆ ಸದಸ್ಯರು ಅದೇ ಸಂಜೆ ತಮ್ಮ ಸಸಿಮಡಿಗೆಲ್ಲ ಹೊಡೆದರು. ಸಸಿಮಡಿಯ ಬದಿಯ ದರೆಯ ಮೇಲೆ ಅವರ ತುಡುವೆ ಜೇನಿನ ಎರಡು ಪೆಟ್ಟಿಗೆಗಳಿದ್ದವು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯ ಬಾಗಿಲಲ್ಲಿ ಸತ್ತ ಹುಳುಗಳ ರಾಶಿ ಬಿದ್ದಿತ್ತು. ಒಂದು ಕುಟುಂಬ ಉಳಿಯಲೇ ಇಲ್ಲ.

ಅವರು ತಂದ ಹುಳು ಮತ್ತು ಬಾಳೆಯ ಹುಳು ಎರಡನ್ನೂ ನಾವು ಸುಮ್ಮನೆ ಕುತೂಹಲಕ್ಕೆಂದು ಗಾಜಿನ ಜಾಡಿಗಳಲ್ಲಿ ಇಟ್ಟುಕೊಂಡಿದ್ದೆವು. ಮೂರನೆಯ ವಾರ ಎರಡೂ ಚಿಟ್ಟೆಯಾದವು. ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ನಾಚಿಕೆಯಾಯಿತು. ಅವು ಒಂದೇ ಅಲ್ಲ, ಅಣ್ಣತಮ್ಮಂದಿರೂ ಅಲ್ಲ, ಹೆಚ್ಚೆಂದರೆ ದಾಯಾದಿಗಳು. ಬಾಳೆಯದು ಈಚೆಗೆ ಹೊರಗಿನಿಂದ ಬಂದದ್ದು. ಅಡಿಕೆಯದು ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದಲೂ ಇದೇ ಕಾಡಿನಲ್ಲಿ, ಇದೇ ತೋಟದಲ್ಲಿ ಇದ್ದದ್ದು. ಅಡಿಕೆಗೆ ಅದರಿಂದ ಹೇಳಿಕೊಳ್ಳುವಂಥ ನಷ್ಟವಾದ ನೆನಪು ನಮ್ಮ ಹಿರಿಯರಲ್ಲಿ ಯಾರಿಗೂ ಇಲ್ಲ. ಡಬ್ಬಿಯ ಹಣವನ್ನು ಸಂಘ ಹಿಂದಕ್ಕೆ ಕೊಟ್ಟಿತು. ಜೇನನ್ನು ಕೊಡಲಾಗಲಿಲ್ಲ.

ಇಂಥದು ಇನ್ನೊಬ್ಬರಿಗೆ ಆಗಬಾರದೆಂದು, ಈ ಚಿಟ್ಟೆಗಳ ಗುರುತು ಹಿಡಿಯುವ ಬಗೆಯನ್ನು ನಮಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇವೆ.

ಚಿಟ್ಟೆಯೋ ಪತಂಗವೋ?

ಇವೆರಡೂ ಸ್ಕಿಪ್ಪರ್ ಎಂಬ ಕುಟುಂಬಕ್ಕೆ ಸೇರಿದವು. ಹಾರುವಾಗ ಒಂದೆಡೆಯಿಂದ ಇನ್ನೊಂದೆಡೆಗೆ ಚಿಮ್ಮಿ ಜಿಗಿದಂತೆ ಕಾಣುವುದರಿಂದ ಆ ಹೆಸರು. ಪಶ್ಚಿಮ ಘಟ್ಟದಲ್ಲಿರುವ ಸುಮಾರು 330 ಬಗೆಯ ಚಿಟ್ಟೆಗಳಲ್ಲಿ 80ರಷ್ಟು ಈ ಕುಟುಂಬದವು. ಅಂದರೆ ನಾಲ್ಕರಲ್ಲಿ ಒಂದು. ಆದರೂ ಇವುಗಳನ್ನು ಚಿಟ್ಟೆಯೆಂದು ಗುರುತಿಸುವವರು ಕಡಿಮೆ. ಬಣ್ಣ ಮಾಸಲು, ಮೈ ದಪ್ಪ, ಹಾರಾಟ ಕಣ್ಣಿಗೆ ಸಿಕ್ಕದಷ್ಟು ವೇಗ. ಕೆಲವಂತೂ ಮುಸ್ಸಂಜೆ ಮತ್ತು ನಸುಕಿನಲ್ಲಿ ಮಾತ್ರ ಹಾರುತ್ತವೆ, ದೀಪಕ್ಕೂ ಬರುತ್ತವೆ. ಹಾಗಾಗಿ ಮನೆಯ ಜಗಲಿಯ ದೀಪಕ್ಕೆ ಬಂದು ಗೋಡೆಗೆ ಬಡಿಯುವ ಕಂದು ಬಣ್ಣದ ಈ ದೊಡ್ಡ ಜೀವವನ್ನು ಎಲ್ಲರೂ ಪತಂಗವೆಂದೇ ತಿಳಿದಿರುತ್ತಾರೆ.

ಮೀಸೆ ನೋಡಿದರೆ ಅನುಮಾನ ಪರಿಹಾರವಾಗುತ್ತದೆ. ಪತಂಗದ ಮೀಸೆ ದಾರದ ಹಾಗೆ ಇರುತ್ತದೆ, ಇಲ್ಲವೆ ಗರಿಯ ಹಾಗೆ. ಸಾಮಾನ್ಯ ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯ ತಲೆಯ ಹಾಗೆ ಉಬ್ಬಿರುತ್ತದೆ. ಸ್ಕಿಪ್ಪರಿನದು ತುದಿಯಲ್ಲಿ ಉಬ್ಬಿ, ಆ ಉಬ್ಬಿನಿಂದ ಮುಂದೆ ದೋಟಿಯ ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿರುತ್ತದೆ. ಎರಡು ಮೀಸೆಗಳ ಬುಡಗಳ ನಡುವೆ ಅಂತರವೂ ಹೆಚ್ಚು. ಏಕೆಂದರೆ ಇವುಗಳ ತಲೆ ಅಗಲ. ಈ ಕೊಕ್ಕೆ ಕಂಡಿತೆಂದರೆ ಕುಟುಂಬ ಗೊತ್ತಾಯಿತು. ಇನ್ನು ಕುಟುಂಬದೊಳಗೆ ಯಾವುದು ಎಂಬುದು.

ಇಲ್ಲಿಯೇ ದೊಡ್ಡ ದೊಡ್ಡವರೂ ಎಡವುವುದು. ಈ ಕುಟುಂಬದಲ್ಲಿ ಕಂದು ಬಣ್ಣದ ಮೇಲೆ ಒಂದೆರಡು ಚುಕ್ಕೆಯುಳ್ಳವು ಎಷ್ಟೋ ಇವೆ. ಕೆಲವನ್ನು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಬೇರ್ಪಡಿಸಬೇಕು. ಅದು ನಮ್ಮ ಕೆಲಸವಲ್ಲ. ನಮಗೆ ಬೇರೊಂದು ದಾರಿ ಇದೆ, ಅದು ನಮ್ಮ ಕಡೆಯಲ್ಲೇ ಕಡಿದ ದಾರಿ.

ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಕಾರವಾರದ ಸುತ್ತಮುತ್ತ ಮೂವರು ಅಧಿಕಾರಿಗಳಿದ್ದರು: ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್, ಸುಂಕ ಮತ್ತು ಉಪ್ಪಿನ ಇಲಾಖೆಯ ಐಟ್‌ಕೆನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್. ಮೂವರೂ ಕಚೇರಿ ಕೆಲಸ ಮುಗಿಸಿ ಹುಳು ಸಾಕುತ್ತಿದ್ದರು. ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು ಸೂಜಿ ಚುಚ್ಚಿಡುವುದು ಆಗಿನ ಶೋಕಿ. ಇವರು ಅಷ್ಟಕ್ಕೇ ನಿಲ್ಲದೆ ಯಾವ ಗಿಡದಲ್ಲಿ ಯಾವ ಹುಳು, ಅದು ಎಲೆಯನ್ನು ಹೇಗೆ ಕತ್ತರಿಸುತ್ತದೆ, ಹೇಗೆ ಸುತ್ತುತ್ತದೆ, ಕೋಶ ಎಲ್ಲಿ ಕಟ್ಟುತ್ತದೆ ಎಂದು ಬರೆದಿಟ್ಟರು. 1890ರಲ್ಲಿ ಮುಂಬಯಿ ಪ್ರಾಂತ್ಯದ ಚಿಟ್ಟೆಗಳ ಮರಿಹುಳುಗಳ ಮೇಲೂ, 1896ರಿಂದ ಉತ್ತರ ಕನ್ನಡದ ಚಿಟ್ಟೆಗಳ ಮೇಲೂ ಇವರ ಲೇಖನಗಳು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಬಂದವು. ಬೆಲ್ ಅವರಂತೂ ನಿವೃತ್ತಿಯ ನಂತರವೂ ಊರಿಗೆ ಮರಳದೆ ಕಾರವಾರದಲ್ಲೇ ನೆಲೆಸಿ 1948ರಲ್ಲಿ ಅಲ್ಲೇ ತೀರಿಕೊಂಡರು. ದಕ್ಷಿಣ ಭಾರತದ ಸ್ಕಿಪ್ಪರುಗಳ ಆಹಾರದ ಗಿಡ ಯಾವುದೆಂದು ಇಂದು ಯಾವ ಪುಸ್ತಕ ತೆರೆದರೂ ಅದರಲ್ಲಿ ಬಹುಪಾಲು ಇವರು ಕಾರವಾರ, ಯಲ್ಲಾಪುರ, ಶಿರಸಿಯ ಕಾಡು ತೋಟಗಳಲ್ಲಿ ಕಂಡದ್ದೇ.

ಆ ದಾರಿ ಇಷ್ಟೇ: ಮೊದಲು ಗಿಡ ನೋಡು, ಆಮೇಲೆ ಹುಳು ನೋಡು, ರೆಕ್ಕೆಯನ್ನು ಕಡೆಗೆ ನೋಡು. ಕೃಷಿಕನಿಗೆ ಇದಕ್ಕಿಂತ ಅನುಕೂಲವಾದ ಶಾಸ್ತ್ರ ಇನ್ನೊಂದಿಲ್ಲ. ಗಿಡ ನಮ್ಮದೇ, ನಾವು ಅದರಲ್ಲಿ ತಪ್ಪುವುದಿಲ್ಲವಷ್ಟೆ.

ನಮ್ಮ ತೋಟದಲ್ಲಿ ಸಿಗುವವು

ಮೊದಲನೆಯದು ಅಡಿಕೆಯದು. ಇಂಗ್ಲಿಷಿನಲ್ಲಿ ಜೈಂಟ್ ರೆಡ್‌ಐ, ಅಂದರೆ ದೊಡ್ಡ ಕೆಂಗಣ್ಣ. ಶಾಸ್ತ್ರೀಯ ಹೆಸರು ಗಂಗಾರಾ ಥಿರ್ಸಿಸ್, 1775ರಲ್ಲಿ ಫ್ಯಾಬ್ರಿಷಿಯಸ್ ಇಟ್ಟದ್ದು. ಅಡಿಕೆ, ತೆಂಗು, ಬೈನೆ, ಈಚಲು, ಬೆತ್ತ ಹೀಗೆ ತಾಳೆಯ ಜಾತಿಯವು ಅದರ ಮುಖ್ಯ ಊಟ. ಹುಳು ಗರಿಯ ಅಂಚುಗಳನ್ನು ಹತ್ತಿರ ಎಳೆದು ರೇಷ್ಮೆಯಂಥ ದಾರದಿಂದ ಹೊಲಿದು ಕೊಳವೆ ಮಾಡಿಕೊಂಡು ಅದರಲ್ಲಿ ಅಡಗುತ್ತದೆ. ಮೈಮೇಲೆ ಉದ್ದನೆಯ ಬಿಳಿ ಮೇಣದ ಎಳೆಗಳು, ಗುಂಗುರು ಗುಂಗುರಾಗಿ. ಬೆರಳು ತಗಲಿದರೆ ಎಳೆಗಳು ಉದುರುತ್ತವೆ, ಅಡಿಯಲ್ಲಿ ಕೆಂಪು ಛಾಯೆಯ ಮೈ ಕಾಣುತ್ತದೆ. ನಮ್ಮ ಸದಸ್ಯರು ತಂದದ್ದು ಇದನ್ನು. ನೂಲು ಸುತ್ತಿದ ಹಾಗಿದೆ ಎಂದು ಆಗಲೇ ಹೇಳಿದೆವಲ್ಲ, ಆ ಒಂದು ಮಾತನ್ನು ಆ ಬೆಳಿಗ್ಗೆ ನಾವು ನಿಧಾನವಾಗಿ ಯೋಚಿಸಿದ್ದರೆ ಸಾಕಿತ್ತು.

ಚಿಟ್ಟೆ ರೆಕ್ಕೆ ಬಿಚ್ಚಿದರೆ ಸುಮಾರು ಮೂರು ಅಂಗುಲ. ಮುಂದಿನ ರೆಕ್ಕೆಯ ನಡುವೆ ಹೊನ್ನಿನ ಬಣ್ಣದ, ಬೆಳಕು ಹಾಯುವ ಮೂರು ದೊಡ್ಡ ಚುಕ್ಕೆ. ಅದಲ್ಲದೆ ರೆಕ್ಕೆಯ ತುದಿಯ ಹತ್ತಿರ ಒಂದಕ್ಕೊಂದು ತಾಗಿದ ಹಾಗೆ ಮೂರು ಸಣ್ಣ ಚುಕ್ಕೆ. ಈ ಸಣ್ಣ ಚುಕ್ಕೆಗಳನ್ನು ನೆನಪಿಡಿ. ಹಿಂದಿನ ರೆಕ್ಕೆಯ ತಳಭಾಗದಲ್ಲಿ ಬೂದು ನೇರಳೆಯ ಪಟ್ಟೆಗಳಿರುತ್ತವೆ. ಕಣ್ಣು ದಾಳಿಂಬೆ ಕಾಳಿನ ಕೆಂಪು.

ಎರಡನೆಯದು ಬಾಳೆಯದು. ಇದರ ಕಣ್ಣೂ ಕೆಂಪು, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ರೆಕ್ಕೆಯೂ ಕಂದು, ಅದರಲ್ಲೂ ಮೂರು ದೊಡ್ಡ ಹಳದಿ ಚುಕ್ಕೆ. ಆದರೆ ತುದಿಯ ಮೂರು ಸಣ್ಣ ಚುಕ್ಕೆ ಇಲ್ಲ. ಹಿಂದಿನ ರೆಕ್ಕೆಯ ತಳದಲ್ಲಿ ನೇರಳೆ ಪಟ್ಟೆಯೂ ಇಲ್ಲ, ಬರೇ ತಿಳಿಗಂದು. ಹುಳುವಿನ ತಲೆ ಕಪ್ಪು, ಮೈ ತಿಳಿಹಸಿರು, ಅದರ ಮೇಲೆ ಬಿಳಿ ಪುಡಿ. ಎಳೆಯಲ್ಲ, ಪುಡಿ. ಕೈಗೆ ಹತ್ತಿದರೆ ಸುಣ್ಣ ಹತ್ತಿದ ಹಾಗೆ. ಮೊಟ್ಟೆ ಮೊದಲು ಹಳದಿಯಾಗಿದ್ದು ಆಮೇಲೆ ಕೆಂಪು ಗುಲಾಬಿಗೆ ತಿರುಗುತ್ತದೆ. ಒಂಟಿಯಾಗಿಯೂ ಇಡುತ್ತದೆ, ಗುಂಪಾಗಿಯೂ ಇಡುತ್ತದೆ. ಹೊರಬಂದ ಹುಳು ಎಲೆಯ ಅಂಚಿನಿಂದ ಒಳಕ್ಕೆ ಕತ್ತರಿಸಿ, ಆ ಪಟ್ಟಿಯನ್ನು ನಡುದಿಂಡಿನ ಕಡೆಗೆ ಸುತ್ತುತ್ತಾ ಹೋಗುತ್ತದೆ. ತಾನು ಬೆಳೆದ ಹಾಗೆ ಹಳೆಯ ಸುರುಳಿ ಬಿಟ್ಟು ದೊಡ್ಡದೊಂದನ್ನು ಮಾಡಿಕೊಳ್ಳುತ್ತದೆ. ಆದ್ದರಿಂದ ಒಂದೇ ಹುಳು ಮೂರು ನಾಲ್ಕು ಕಡೆ ಎಲೆ ಹಾಳುಮಾಡಿರುತ್ತದೆ. ಕಂಡ ಸುರುಳಿಯಲ್ಲೆಲ್ಲ ಹುಳು ಇರುವುದಿಲ್ಲ, ಕೆಲವು ಬಿಟ್ಟುಹೋದ ಮನೆಗಳು. ಕೋಶವೂ ಸುರುಳಿಯೊಳಗೇ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಐದಾರು ವಾರ ಹಿಡಿಯುತ್ತದೆ.

ಮೂರನೆಯದು ಬಡವ. ಪಾಮ್ ಬಾಬ್ ಎಂಬ ಸಣ್ಣ ಸ್ಕಿಪ್ಪರ್, ಅಗಲ ಒಂದೂವರೆ ಅಂಗುಲದ ಆಸುಪಾಸು. ಇದೂ ಅಡಿಕೆ, ತೆಂಗು, ಈಚಲಿನದೇ. ಅಡಿಕೆ ಕಾಣದ ಬಯಲುಸೀಮೆಯಲ್ಲಿ ಈಚಲೇ ಇದಕ್ಕೆ ಆಸರೆ. ಹಗಲಿನಲ್ಲೇ ಹಾರುತ್ತದೆ. ರೆಕ್ಕೆ ಮಡಚಿ ಕೂತಾಗ ಬೂದಿ ಬಣ್ಣದ ತಳದ ಮೇಲೆ ಕೆಲವು ಕರಿ ಚುಕ್ಕೆ ಎದ್ದು ಕಾಣುತ್ತವೆ, ಅದೇ ಗುರುತು. ಸಸಿಮಡಿಯಲ್ಲಿ ಗರಿಯ ಸಣ್ಣ ಸುರುಳಿಯೊಳಗೆ ಬಿಳಿ ಎಳೆಯೂ ಪುಡಿಯೂ ಹೆಚ್ಚಿಲ್ಲದ ತಿಳಿಹಸಿರು ಹುಳು ಸಿಕ್ಕಿದರೆ ಇದಿರಬಹುದು. ಹತ್ತು ಸಸಿಯಲ್ಲಿ ಎರಡು ಸುರುಳಿ ಕಂಡರೆ ಹಿಸುಕಿ ಮುಂದೆ ಹೋದರಾಯಿತು.

ಅರಿಸಿನ, ಶುಂಠಿಯ ಎಲೆ ಮಡಚುವುದು ಇನ್ನೊಂದು. ಕಪ್ಪುಗಂದು ರೆಕ್ಕೆ, ಹಿಂದಿನ ರೆಕ್ಕೆಯ ಮೇಲೆ ಸುಣ್ಣದ ದೊಡ್ಡ ತೇಪೆ. ಬೇಲಿಯ ಬಿದಿರಿನಲ್ಲಿ ಇರುವ ಕೆಂಗಣ್ಣನ ರೆಕ್ಕೆಯ ಮೇಲೆ ಚುಕ್ಕೆಯೇ ಇಲ್ಲ, ಬರೇ ಕಂದು. ಗದ್ದೆಯ ಭತ್ತದಲ್ಲಿಯೂ ಸಣ್ಣ ಸ್ಕಿಪ್ಪರುಗಳಿವೆ. ಅವುಗಳ ಮಾತು ಇಲ್ಲಿ ಬೇಡ. ಕಾಫಿಯವರು ಕೇಳುವುದಕ್ಕೆ ಮುಂಚೆ ಹೇಳಿಬಿಡುತ್ತೇವೆ: ಕಾಫಿ ಗಿಡಕ್ಕೆ ಇವುಗಳಿಂದ ತೊಂದರೆಯಿಲ್ಲ. ಕಾಫಿಯ ಎಲೆ ಮಡಚಿಕೊಂಡಿದ್ದರೆ ಕಾರಣ ಬೇರೆ ಹುಡುಕಬೇಕು. ಆದರೆ ಕಾಫಿಯ ನಡುವೆ ಬಾಳೆ ಇಟ್ಟವರು, ಮತ್ತು ಎಳೆಯ ಅಡಿಕೆಗೆ ನೆರಳಿಗೆಂದು ಬಾಳೆ ಹಾಕಿದವರು, ಎರಡನೆಯದರ ವಿಷಯ ಓದಲೇಬೇಕು.

ಬಾಳೆಯದರ ಹೆಸರಿನ ಗೊಂದಲ

ಈ ಬಾಳೆಯ ಸ್ಕಿಪ್ಪರ್ ನಮ್ಮ ಘಟ್ಟದ್ದಲ್ಲ. ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯದ ಕಡೆಗೆ ಹಬ್ಬಿದ್ದ ಜೀವ. ಬೆಲ್ ಮತ್ತು ಅವರ ಗೆಳೆಯರು ಉತ್ತರ ಕನ್ನಡದ ಬಾಳೆ ತೋಟಗಳಲ್ಲಿ ಅಷ್ಟು ವರ್ಷ ಓಡಾಡಿದರೂ ಅವರ ಪಟ್ಟಿಯಲ್ಲಿ ಇದಿಲ್ಲ. ನಮ್ಮ ಹಿರಿಯರಿಗೂ ಇದರ ಪರಿಚಯವಿರಲಿಲ್ಲ. 2013ರಲ್ಲಿ ಕೇರಳದ ಬಾಳೆಯಲ್ಲಿ ಇದು ಪಿಡುಗಾಗಿ ಎದ್ದಿರುವ ವರದಿ ಪ್ರಕಟವಾಯಿತು. ಆಗ ಇಟ್ಟ ಹೆಸರು ಎರಿಯೊನೋಟಾ ಥ್ರ್ಯಾಕ್ಸ್. ಎರಡು ವರ್ಷ ಕಳೆದು 2015ರಲ್ಲಿ ಚಿಟ್ಟೆ ತಜ್ಞರು ದಕ್ಷಿಣ ಭಾರತದ ಮಾದರಿಗಳನ್ನು ಪರೀಕ್ಷಿಸಿ, ಇದು ಥ್ರ್ಯಾಕ್ಸ್ ಅಲ್ಲ, ಅದರ ಒಡಹುಟ್ಟು ಎರಿಯೊನೋಟಾ ಟೋರಸ್ ಎಂದು ತಿದ್ದಿದರು.

ಇಂಥ ತಪ್ಪು ನಮ್ಮ ದೇಶದಲ್ಲಿ ಮಾತ್ರ ಆದದ್ದಲ್ಲ. 1970ರ ಆಸುಪಾಸಿನಲ್ಲಿ ಮಾರಿಷಸ್ ದ್ವೀಪದ ಬಾಳೆಗೆ ಬಿದ್ದದ್ದನ್ನೂ ಥ್ರ್ಯಾಕ್ಸ್ ಎಂದೇ ಕರೆದಿದ್ದರು. ಅದೂ ಟೋರಸ್ ಎಂದು ಬಹಳ ಕಾಲದ ಮೇಲೆ ಗೊತ್ತಾಯಿತು. ಥ್ರ್ಯಾಕ್ಸ್ ಎಂಬ ಹೆಸರನ್ನು ಲಿನೇಯಸ್ 1767ರಲ್ಲೇ ಇಟ್ಟಿದ್ದ. ಟೋರಸ್ ಅನ್ನು ಬೇರೆಯೆಂದು ತೋರಿಸಿದ್ದು 1941ರಲ್ಲಿ ಬ್ರಿಗೇಡಿಯರ್ ಇವಾನ್ಸ್, ಸೈನ್ಯದಲ್ಲಿದ್ದುಕೊಂಡೇ ಸ್ಕಿಪ್ಪರುಗಳ ಹಿಂದೆ ಬಿದ್ದಿದ್ದ ಮನುಷ್ಯ. ಭಾರತದ ಚಿಟ್ಟೆಗಳನ್ನು ಗುರುತಿಸುವ ಬಗ್ಗೆ 1927ರಲ್ಲಿ ಪುಸ್ತಕ ಬರೆದವರೂ ಅವರೇ. ವ್ಯತ್ಯಾಸವೇನೆಂದರೆ ಥ್ರ್ಯಾಕ್ಸ್‌ನ ಮುಂದಿನ ರೆಕ್ಕೆಯ ತುದಿ ಚೂಪು, ಹೊರ ಅಂಚು ನೇರ. ಟೋರಸ್‌ನದು ತುದಿ ಮೊಂಡು, ಅಂಚು ದುಂಡು. ಖಾತರಿಗೆ ಮತ್ತೆ ಸೂಕ್ಷ್ಮದರ್ಶಕವೇ ಬೇಕು.

ಈಗ ನಮ್ಮ ಅಭಿಪ್ರಾಯ ಹೇಳಿಬಿಡುತ್ತೇವೆ. ಥ್ರ್ಯಾಕ್ಸ್ ಎಂದರೂ ಟೋರಸ್ ಎಂದರೂ ಬೆಳೆಗಾರನ ಕಿಸೆಯಿಂದ ಒಂದು ಪೈಸೆ ಹೆಚ್ಚೂ ಹೋಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಎರಡೂ ಬಾಳೆ ತಿನ್ನುವಂಥವು, ಎರಡೂ ಒಂದೇ ರೀತಿ ಸುತ್ತುತ್ತವೆ. ವಿಜ್ಞಾನಿಗಳಿಗೆ ಆ ಭೇದ ಮುಖ್ಯ, ಏಕೆಂದರೆ ಹುಳು ಎಲ್ಲಿಂದ ಬಂತು, ಅದರ ಸಹಜ ಶತ್ರುಗಳು ಎಲ್ಲಿವೆ ಎಂದು ಹುಡುಕಲು ಸರಿಯಾದ ಹೆಸರು ಬೇಕು. ನಮಗೆ ಮುಖ್ಯವಾದದ್ದು ಬಾಳೆಯದಕ್ಕೂ ಅಡಿಕೆಯದಕ್ಕೂ ಇರುವ ಭೇದ. ಅದರಲ್ಲಿ ತಪ್ಪಿದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇವೆ. ಅದೃಷ್ಟಕ್ಕೆ ತಜ್ಞರಿಗೂ ಕಷ್ಟವಾದದ್ದು ಮೊದಲನೆಯ ಭೇದ. ಎರಡನೆಯದನ್ನು ತೋಟದ ಕೆಲಸದ ಹುಡುಗನೂ ಒಮ್ಮೆ ತೋರಿಸಿಕೊಟ್ಟರೆ ಹೇಳುತ್ತಾನೆ: ಪುಡಿಯಾದರೆ ಬಾಳೆಯದು, ನೂಲಾದರೆ ಅಡಿಕೆಯದು.

ಒಂದು ತೊಡಕು ಮಾತ್ರ ಇದೆ. ಅಡಿಕೆಯ ದೊಡ್ಡ ಕೆಂಗಣ್ಣ ಅಪರೂಪಕ್ಕೆ ಬಾಳೆಯ ಮೇಲೂ ಸಿಕ್ಕಿದ ದಾಖಲೆಗಳಿವೆ. ಆದ್ದರಿಂದ ಗಿಡವೊಂದನ್ನೇ ನಂಬದೆ ಹುಳುವನ್ನೂ ನೋಡಬೇಕು. ಬಾಳೆಯ ಮೇಲೆ ನೂಲಿನ ಹುಳು ಕಂಡರೆ ಅದು ದಾರಿ ತಪ್ಪಿ ಬಂದ ನೆಂಟ, ಗಲಾಟೆ ಬೇಡ.

ಸರಿ, ಗುರುತು ಸಿಕ್ಕಿತು, ಮುಂದೆ?

ಅಡಿಕೆಯದಾದರೆ ಏನೂ ಮಾಡಬೇಕಾಗಿಲ್ಲ. ಎತ್ತರದ ಮರದಲ್ಲಿ ಅದು ಇದ್ದದ್ದೇ ನಮಗೆ ತಿಳಿಯುವುದಿಲ್ಲ. ಸಸಿಮಡಿಯಲ್ಲಿ ನಾಲ್ಕೈದು ಗರಿ ಹಾಳಾಗಿದ್ದರೆ ಹುಳುವನ್ನು ಕೈಯಿಂದ ತೆಗೆಯಬಹುದು. ಕೆಲವರು, ಹೇಗೂ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಅದರಲ್ಲೇ ಒಂದಿಷ್ಟು ಕೀಟನಾಶಕ ಬೆರೆಸಿಬಿಡೋಣವೇ ಎಂದು ಕೇಳುತ್ತಾರೆ. ಬೇಡವೇ ಬೇಡ. ಬೋರ್ಡೋ ಸುಣ್ಣದ ದ್ರಾವಣ, ಕ್ಷಾರ. ಅನೇಕ ಕೀಟನಾಶಕಗಳು ಕ್ಷಾರದಲ್ಲಿ ಕೆಟ್ಟು ಸತ್ತ್ವ ಕಳೆದುಕೊಳ್ಳುತ್ತವೆ. ಹಣವೂ ಹೋಯಿತು, ಕೆಲಸವೂ ಕೆಟ್ಟಿತು.

ಬಾಳೆಯದಾದರೆ ಲೆಕ್ಕ ಹಾಕಿ ನೋಡಬೇಕು. ಗೊನೆಗಾಗಿ ಬಾಳೆ ಬೆಳೆದವರು ಗಿಡಕ್ಕೆ ಎರಡು ಮೂರು ಸುರುಳಿ ಕಂಡರೆ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಲೆಗಳು ನಡುದಿಂಡು ಮಾತ್ರ ಉಳಿಯುವಷ್ಟು ಹರಿದುಹೋದರೆ ಗೊನೆಯ ತೂಕ ಇಳಿಯುವುದು ಖಂಡಿತ. ಆದರೆ ಊಟದ ಎಲೆಗಾಗಿ ಬಾಳೆ ಇಟ್ಟವರ ಕಷ್ಟ ಬೇರೆ. ಚೌತಿಯ ಹಬ್ಬಕ್ಕೆ, ಮದುವೆಯ ದಿನಗಳಿಗೆ ಕುಡಿ ಎಲೆ ಕೊಯ್ಯಲು ಹೋದಾಗ ಅಂಚು ಕತ್ತರಿಸಿದ ಎಲೆಯನ್ನು ಯಾರು ಕೊಳ್ಳುತ್ತಾರೆ? ಅವರಿಗೆ ಒಂದೊಂದು ಸುರುಳಿಯೂ ನಷ್ಟವೇ.

ಔಷಧ ಹೊಡೆದರೆ ಆಗದೇ ಎಂದು ಕೇಳುವವರಿಗೆ, ಹುಳು ಎಲ್ಲಿದೆ ನೋಡಿ ಎನ್ನುತ್ತೇವೆ. ಎಲೆಯ ನಾಲ್ಕೈದು ಸುತ್ತಿನೊಳಗೆ, ಮೈತುಂಬ ಮೇಣದ ಪುಡಿ ಬಳಿದುಕೊಂಡು ಕೂತಿದೆ. ಮಳೆಯ ನೀರೇ ಅದಕ್ಕೆ ಅಂಟುವುದಿಲ್ಲ. ನಾವು ಹೊಡೆದದ್ದು ಎಲೆಯ ಮೇಲೆ ಜಾರಿ ನೆಲಕ್ಕೆ ಹೋಗುತ್ತದೆ, ಅಲ್ಲಿಂದ ಹಳ್ಳಕ್ಕೆ. ಪೂಂಬೆಗೆ ಬರುವ ಜೇನಿಗೂ ತಾಗುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟ ಕಣ್ಣಿಗೆ ಕಾಣದ್ದು: ಈ ಹುಳುವಿನ ಶತ್ರುಗಳಾದ ಸಣ್ಣ ಕಣಜಗಳು ಸಾಯುತ್ತವೆ.

ಈ ಕಣಜಗಳ ಕಥೆ ಕೇಳತಕ್ಕದ್ದು. 1973ರಲ್ಲಿ ಹವಾಯಿ ದ್ವೀಪಗಳಿಗೆ ಬಾಳೆಯ ಸ್ಕಿಪ್ಪರ್ ಹೊಕ್ಕಿತು. ಅಲ್ಲಿಯವರು ಎರಡು ಬಗೆಯ ಪುಟ್ಟ ಕಣಜಗಳನ್ನು ತರಿಸಿ ಬಿಟ್ಟರು. ಒಂದು ಸ್ಕಿಪ್ಪರಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವಂಥದು, ಇನ್ನೊಂದು ಹುಳುವಿನ ಮೈಯೊಳಗೆ. ಪಿಡುಗು ತಗ್ಗಿತು. ಮುಂದೆ ಪಪುವಾ ನ್ಯೂಗಿನಿಯಲ್ಲಿಯೂ ಇದೇ ಉಪಾಯ ಮಾಡಿ ಗೆದ್ದರು. ನಮ್ಮಲ್ಲಿಯೂ ಈ ಹುಳುವಿಗೆ ಕಣಜಗಳು ಬೀಳುತ್ತಿವೆ. ಸುರುಳಿ ಬಿಡಿಸಿದಾಗ ಸತ್ತು ಬಾಡಿದ ಹುಳು, ಅದರ ಸುತ್ತ ಅಕ್ಕಿ ನುಚ್ಚಿನಷ್ಟು ಗಾತ್ರದ ಬಿಳಿ ಗೂಡುಗಳ ಗೊಂಚಲು ಕಂಡರೆ ಅದು ಬೂಸ್ಟಲ್ಲ, ಕೊಳೆಯಲ್ಲ. ನಮ್ಮ ಪರವಾಗಿ ಕೆಲಸ ಮಾಡಿದ ಕಣಜದ ಮರಿಗಳು ಅವು. ಕೋಶದಿಂದ ಚಿಟ್ಟೆಗೆ ಬದಲು ದಪ್ಪ ಹಿಂಗಾಲಿನ ಕರಿಯ ಕಣಜ ಹೊರಬರುವುದೂ ಉಂಟು.

ಹೀಗಿರುವಲ್ಲಿ ಕೈಯಿಂದ ಸುರುಳಿ ಬಿಡಿಸುವುದೇ ಸಣ್ಣ ಹಿಡುವಳಿದಾರನಿಗೆ ತಕ್ಕ ಉಪಾಯ. ಮಳೆಗಾಲ ಕಳೆದ ಮೇಲೆ ಸುರುಳಿಗಳು ಹೆಚ್ಚಾಗುವಾಗ ವಾರಕ್ಕೊಮ್ಮೆ ತೋಟ ಸುತ್ತಿ ಕತ್ತಿಯಿಂದ ಸುರುಳಿಯಷ್ಟನ್ನೇ ಕೊಯ್ದುಕೊಳ್ಳಬೇಕು, ಇಡೀ ಎಲೆ ಕಡಿಯಬೇಡಿ. ಕೊಯ್ದದ್ದನ್ನು ಸುಡುವ, ಹೂಳುವ ರೂಢಿ ಇದೆ. ಅದರಿಂದ ಹುಳುವಿನ ಜತೆಗೆ ಕಣಜವೂ ಹೋಗುತ್ತದೆ. ನಾವು ಮಾಡುವುದೇನೆಂದರೆ, ಹಳೆಯ ಅಡಿಕೆ ಪೆಟ್ಟಿಗೆಯೊಂದಕ್ಕೆ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿದು, ಸುರುಳಿಗಳನ್ನು ಅದರಲ್ಲಿ ಹಾಕಿ ಬಾಳೆಯ ಬುಡದಲ್ಲೇ ನೆರಳಿಗೆ ಇಡುತ್ತೇವೆ. ಪರದೆಯ ಕಣ್ಣಿನಿಂದ ಸಣ್ಣ ಕಣಜ ಹೊರಗೆ ಹೋಗುತ್ತದೆ, ದಪ್ಪ ಮೈಯ ಚಿಟ್ಟೆ ಹೋಗಲಾರದೆ ಒಳಗೇ ಸಾಯುತ್ತದೆ. ಪೆಟ್ಟಿಗೆಯ ತಳಕ್ಕೆ ಇರುವೆ ಹತ್ತದ ಹಾಗೆ ನಾಲ್ಕು ಕಾಲಿಗೆ ನೀರಿನ ಚಿಪ್ಪು ಇಡುವುದನ್ನು ಮರೆಯಬಾರದು. ಮೊದಲ ವರ್ಷ ನಾವು ಮರೆತೆವು, ಇರುವೆಗಳಿಗೆ ಔತಣವಾಯಿತು.

ಇನ್ನು ಕಂದು ಕೊಂಡು ತರುವ ವಿಷಯ. ಹೊರಗಿನಿಂದ ಬಾಳೆಯ ಕಂದು ತರುವಾಗ ಎಲೆಯನ್ನೆಲ್ಲ ಅಲ್ಲೇ ಸವರಿ ಗೆಡ್ಡೆ ಮಾತ್ರ ತನ್ನಿ. ಎಲೆಯ ಜತೆ ಮೊಟ್ಟೆಯೂ ಸುರುಳಿಯೂ ಲಾರಿ ಹತ್ತುತ್ತವೆ. ಈ ಹುಳು ಅಷ್ಟು ದೂರದಿಂದ ನಮ್ಮ ಘಟ್ಟಕ್ಕೆ ಬಂದದ್ದು ತನ್ನ ರೆಕ್ಕೆಯಿಂದ ಮಾತ್ರ ಎಂದು ನಮಗೆ ಅನ್ನಿಸುವುದಿಲ್ಲ.

ಸದಸ್ಯರಲ್ಲಿ ಕಡೆಯ ಒಂದು ಕೋರಿಕೆ. ಎಲೆ ತಿನ್ನುವ ಹುಳು ಯಾವುದೇ ಇರಲಿ, ಜಜ್ಜಿ ಪೇಪರಿನಲ್ಲಿ ಕಟ್ಟಿ ತರಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಜೀವಂತವಾಗಿ, ಅದು ತಿನ್ನುತ್ತಿದ್ದ ಎಲೆಯ ಸಮೇತ, ತೂತು ಮಾಡಿದ ಡಬ್ಬಿಯಲ್ಲಿ ತನ್ನಿ. ಗಿಡದ ಹೆಸರು, ತೋಟದ ಹೆಸರು, ದಿನ ಇಷ್ಟನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಮೊಬೈಲಿನಲ್ಲಿ ಚಿತ್ರ ತೆಗೆಯುವವರು ರೆಕ್ಕೆಯ ಮೇಲ್ಭಾಗ, ತಳಭಾಗ ಎರಡನ್ನೂ ತೆಗೆಯಬೇಕು. ಕೂತ ಚಿಟ್ಟೆಯ ಒಂದೇ ಚಿತ್ರದಿಂದ ನಾವು ಹಲವು ಸಲ ಮೋಸಹೋಗಿದ್ದೇವೆ. ನಮಗೆ ತಿಳಿಯದ್ದನ್ನು ತೋಟಗಾರಿಕೆ ಇಲಾಖೆಯವರಿಗೋ, ವಿಟ್ಲದ ಸಂಶೋಧನಾ ಕೇಂದ್ರಕ್ಕೋ ಕಳುಹಿಸಿ ಕೇಳುತ್ತೇವೆ. ಉತ್ತರ ಬರುವ ತನಕ ಸಂಘದ ಮಳಿಗೆಯಿಂದ ಆ ಹುಳುವಿಗೆಂದು ಔಷಧ ಕೊಡುವುದಿಲ್ಲವೆಂದು ಆಡಳಿತ ಮಂಡಳಿ ಈಗ ತೀರ್ಮಾನಿಸಿದೆ. ಇದರಿಂದ ಯಾರಿಗಾದರೂ ಬೇಸರವಾದರೆ ಕಾರ್ಯದರ್ಶಿಯನ್ನು ಬೈಯಬಹುದು.

ಜೇನು ಕಳೆದುಕೊಂಡ ಸದಸ್ಯರಿಗೆ ಇನ್ನೊಬ್ಬ ಸದಸ್ಯರು ಈ ಸಲ ಪಾಲಾದ ಒಂದು ಕುಟುಂಬ ಕೊಟ್ಟಿದ್ದಾರೆ. ಅವರ ಸಸಿಮಡಿಯಲ್ಲಿ ಮೊನ್ನೆ ಮತ್ತೆ ನೂಲಿನ ಹುಳು ಒಂದು ಸಿಕ್ಕಿತಂತೆ. ಗರಿಯ ಸಮೇತ ಕಿತ್ತು, ಬೇಲಿಯ ಬೈನೆ ಮರಕ್ಕೆ ಸಿಕ್ಕಿಸಿ ಬಂದೆ ಎಂದರು. ಬಾಳೆಯ ಸುರುಳಿಯೊಂದು ಕಳೆದ ಸಂತೆಯಿಂದ ನಮ್ಮ ಮೇಜಿನ ಮೇಲಿನ ಜಾಡಿಯಲ್ಲಿದೆ. ನಿನ್ನೆ ಬೆಳಿಗ್ಗೆ ಅದರಿಂದ ಚಿಟ್ಟೆಯ ಬದಲು ಕಣಜಗಳು ಬಂದಿವೆ. ಆ ಜಾಡಿ ತಂದವರು ಚೀಟಿ ಅಂಟಿಸಲು ಮರೆತಿದ್ದಾರೆ. ದಯವಿಟ್ಟು ಬರುವ ಸಂತೆಯ ದಿನ ಕಚೇರಿಗೆ ಬಂದು, ಜಾಡಿ ತೆಗೆದುಕೊಂಡು ಹೋಗಿ ತಮ್ಮ ತೋಟದಲ್ಲೇ ಬಿಚ್ಚಬೇಕಾಗಿ ವಿನಂತಿ.